ಡೈವೋರ್ಸ್ ಆದ್ಮೇಲೆ ಮದುವೆ ಉಂಗುರ ಮಾರಿದವ್ರು ಇದೀರಾ? ಹೇಗೆ ಮಾರಿದ್ರಿ, ಸ್ವಲ್ಪ ಹೇಳಿ

ಡೈವೋರ್ಸ್ ಆಗಿ ವರ್ಷ ದಾಟ್ತು. ಉಂಗುರ ಇನ್ನೂ ಬೀರುವಲ್ಲೇ ಇದೆ, ನಡುವೆ ಒಂದು ವಜ್ರ, ಸುತ್ತ ಸಣ್ಣ ಸಣ್ಣ ಕಲ್ಲು. ಬಿಲ್ಲು ಎಲ್ಲಿ ಹೋಯ್ತೋ ಸಿಕ್ತಿಲ್ಲ. ಮೊನ್ನೆ ಧೈರ್ಯ ಮಾಡಿ ಒಂದು ಅಂಗಡಿಯಲ್ಲಿ ತೋರಿಸಿದೆ, ಅವ್ರು ಹೇಳಿದ ಬೆಲೆ ತಗೊಂಡಾಗ ಕೊಟ್ಟಿದ್ದರ ಕಾಲು ಭಾಗಾನೂ ಇಲ್ಲ, ಕೇಳಿ ಅಲ್ಲೇ ಕಣ್ಣಲ್ಲಿ ನೀರು ಬಂತು, ಉಂಗುರ ಎತ್ಕೊಂಡು ಬಂದ್ಬಿಟ್ಟೆ. ಮೋಸ ಮಾಡ್ತಿದಾರಾ ಇಲ್ಲಾ ನಿಜವಾಗ್ಲೂ ಅಷ್ಟೇನಾ? ಅಮ್ಮ ಮಾರಬೇಡ ಅಂತಾರೆ, ನನಗೆ ಅದು ಮನೇಲಿದ್ರೆ ಬೀರು ತೆಗೆಯೋಕೇ ಬೇಜಾರು. ಅನುಭವ ಇರೋರು ದಯವಿಟ್ಟು ಹೇಳಿ.

—

ಅಕ್ಕ, ಆ ಬೆಲೆ ಮನಸ್ಸಿಗೆ ಹಚ್ಕೋಬೇಡಿ. ನಾನೂ ನನ್ನ ಉಂಗುರ ಮಾರಿದೀನಿ, ನನಗೂ ಮೊದಲ ಅಂಗಡಿಯಲ್ಲಿ ಹೀಗೇ ಆಗಿತ್ತು. ತಗೊಳ್ಳೋವಾಗ ಮೇಕಿಂಗ್ ಚಾರ್ಜು, ವೇಸ್ಟೇಜು, ತೆರಿಗೆ, ಅಂಗಡಿಯವರ ಲಾಭ ಎಲ್ಲ ಸೇರಿಸಿ ಕೊಟ್ಟಿರ್ತೀವಿ, ಮಾರೋವಾಗ ಅದ್ಯಾವ್ದೂ ವಾಪಸ್ ಬರಲ್ಲ, ಯಾವ ಅಂಗಡಿ ಮೆಟ್ಟಿಲು ಹತ್ತಿದ್ರೂ ಅಷ್ಟೇ. ಆದ್ರೆ ಚಿನ್ನದ ತೂಕಕ್ಕೆ ಬರಬೇಕಾದ ದುಡ್ಡು ಬರಲೇಬೇಕು, ಅದರಲ್ಲಿ ಮಾತ್ರ ಬಿಟ್ಕೊಡಬೇಡಿ. ಅದಕ್ಕೆ ನೀವು ಮನೇಲೇ ಲೆಕ್ಕ ಹಾಕ್ಕೊಂಡು ಹೋಗ್ಬೇಕು.

ಉಂಗುರದ ಒಳಗಡೆ ಬೆಳಕಿಗೆ ಹಿಡಿದು ನೋಡಿ, ಚಿಕ್ಕದಾಗಿ ಒಂದು ನಂಬರ್ ಇರುತ್ತೆ. 916 ಅಂದ್ರೆ 22 ಕ್ಯಾರೆಟ್, 750 ಅಂದ್ರೆ 18, 585 ಅಂದ್ರೆ 14. ಸಾವಿರದಲ್ಲಿ ಎಷ್ಟು ಭಾಗ ಅಪ್ಪಟ ಚಿನ್ನ ಅನ್ನೋ ಲೆಕ್ಕ ಅದು. ವಜ್ರ ಕೂರಿಸಿರೋ ಉಂಗುರ ಹೆಚ್ಚಾಗಿ 18 ಇಲ್ಲಾ 14ರಲ್ಲೇ ಇರುತ್ತೆ, 22 ಮೆತ್ತಗಿರುತ್ತೆ, ಕಲ್ಲು ಗಟ್ಟಿಯಾಗಿ ನಿಲ್ಲಲ್ಲ. ಈಗ ನಿಮ್ಮದು 18 ಕ್ಯಾರೆಟ್, ಚಿನ್ನದ ತೂಕ 4 ಗ್ರಾಂ ಅಂತಿಟ್ಕೊಳ್ಳಿ, ಅದರಲ್ಲಿ ಅಪ್ಪಟ ಚಿನ್ನ 3 ಗ್ರಾಂ. ಅವತ್ತಿನ 24 ಕ್ಯಾರೆಟ್ ರೇಟಿಗೆ ಅದನ್ನ ಗುಣಿಸಿ ಒಂದು ಚೀಟಿಯಲ್ಲಿ ಬರ್ಕೊಳ್ಳಿ. ಕರಗಿಸೋ ಖರ್ಚು ಅಂತ ಅವ್ರು ಸ್ವಲ್ಪ ಹಿಡ್ಕೊಳ್ಳೋದು ಸರಿನೇ, ಆದ್ರೆ ಎಷ್ಟು ಹಿಡೀತಾರೆ ಅನ್ನೋದು ಅಂಗಡಿಯಿಂದ ಅಂಗಡಿಗೆ ತುಂಬಾ ಬೇರೆ ಇರುತ್ತೆ, ಅದಕ್ಕೇ ಎರಡು ಮೂರು ಕಡೆ ಕೇಳಲೇಬೇಕು. ಇನ್ನೊಂದು, ಕಲ್ಲಿನ ತೂಕ ಅಂತ ಕಳೀತಾರೆ. ವಜ್ರಕ್ಕೆ ಕ್ಯಾರೆಟ್ ಅಂದ್ರೆ ಶುದ್ಧತೆ ಅಲ್ಲ, ತೂಕ, ಒಂದು ಕ್ಯಾರೆಟ್ ಅಂದ್ರೆ 0.2 ಗ್ರಾಂ ಅಷ್ಟೇ ಅಕ್ಕ. ಸಣ್ಣ ಕಲ್ಲು ಇಟ್ಕೊಂಡು ಅರ್ಧ ಗ್ರಾಂ ಕಳೆದ್ರೆ ಅಲ್ಲೇ ಕೇಳಿ, ಸುಮ್ಮನಿರಬೇಡಿ.

ಯಾಕೆ ಮಾರ್ತಿದೀರಾ ಅಂತ ಕೇಳೇ ಕೇಳ್ತಾರೆ. ಹಾಕ್ಕೊಳ್ತಿಲ್ಲ ಅಂದ್ರೆ ಸಾಕು, ಕಥೆ ಹೇಳೋ ಅಗತ್ಯ ಇಲ್ಲ. ಇವ್ರಿಗೆ ಇದು ಇವತ್ತೇ ಕೈಬಿಟ್ಟು ಹೋದ್ರೆ ಸಾಕು ಅನ್ನಿಸ್ತಿದೆ ಅಂತ ಎದುರಿನವರಿಗೆ ಗೊತ್ತಾದ್ರೆ ಬೆಲೆ ಅಲ್ಲೇ ಇಳಿಯುತ್ತೆ. ನನ್ನ ಜೊತೆ ಗೆಳತಿ ಬಂದಿದ್ಲು, ಲೆಕ್ಕ ಎಲ್ಲ ಅವಳೇ ಮಾತಾಡಿದ್ಲು, ನಾನು ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ. ಅಂಥ ಹೊತ್ತಲ್ಲಿ ನಂಬರ್ ತಲೆಗೆ ಹತ್ತಲ್ಲ, ಯಾರನ್ನಾದ್ರೂ ಕರ್ಕೊಂಡು ಹೋಗಿ.

—

ಮೇಲೆ ಬರೆದಿರೋದು ಸರಿಯಾಗಿದೆ. ನಮ್ಮದು ಅಕ್ಕಸಾಲಿ ಮನೆತನ, ಹಳೇ ಒಡವೆ ಮಾರೋಕೆ ಬರೋರನ್ನ ಚಿಕ್ಕಂದಿನಿಂದ ನೋಡ್ತಾ ಬೆಳೆದಿದೀನಿ, ಹಾಗಾಗಿ ಒಳಗಿನ ಕೆಲಸ ಹೇಗೆ ನಡೆಯುತ್ತೆ ಅಂತ ಹೇಳ್ತೀನಿ, ಗೊತ್ತಿದ್ರೆ ಮೇಡಂ ನಿಮಗೆ ಭಯ ಇರಲ್ಲ.

ಹಳೇ ಪದ್ಧತಿ ಒರೆಗಲ್ಲು. ಉಂಗುರದ ಅಂಚನ್ನ ಕಪ್ಪು ಕಲ್ಲಿನ ಮೇಲೆ ಒತ್ತಿ ಎಳೀತಾರೆ, ಹಳದಿ ಗೆರೆ ಬೀಳುತ್ತೆ, ಪಕ್ಕದಲ್ಲೇ ಶುದ್ಧತೆ ಗೊತ್ತಿರೋ ಚಿನ್ನದ ಕಡ್ಡಿಯಿಂದ ಇನ್ನೊಂದು ಗೆರೆ, ಎರಡರ ಮೇಲೂ ಆಸಿಡ್ ಒಂದು ಹನಿ. ಹಿತ್ತಾಳೆ ಆಗಿದ್ರೆ ಗೆರೆ ಹಸಿರು ನೊರೆ ಬಂದು ಕಣ್ಮುಂದೆನೇ ಅಳಿಸಿ ಹೋಗುತ್ತೆ, ಕಮ್ಮಿ ಕ್ಯಾರೆಟ್ ಆದ್ರೆ ಮಂಕಾಗುತ್ತೆ, ಒಳ್ಳೇ ಚಿನ್ನದ ಗೆರೆ ಹಂಗೇ ನಿಲ್ಲುತ್ತೆ. ಈಗ ಎಷ್ಟೋ ಕಡೆ ಎಕ್ಸ್‌ರೇ ಮೆಷಿನ್ ಇದೆ, ಡಬ್ಬದೊಳಗೆ ಉಂಗುರ ಇಟ್ರೆ ಚಿನ್ನ ಎಷ್ಟು, ಬೆಳ್ಳಿ ಎಷ್ಟು, ತಾಮ್ರ ಎಷ್ಟು ಅಂತ ಸ್ವಲ್ಪ ಹೊತ್ತಲ್ಲೇ ಸ್ಕ್ರೀನ್ ಮೇಲೆ ಬರುತ್ತೆ. ಇದು ಒಡವೇನ ಮುಕ್ಕು ಮಾಡಲ್ಲ, ಸಾಧ್ಯ ಆದ್ರೆ ಇದನ್ನೇ ಕೇಳಿ, ಪ್ರಿಂಟ್ ಕೊಟ್ರೆ ಇಸ್ಕೊಳ್ಳಿ, ಮುಂದಿನ ಅಂಗಡಿಯಲ್ಲಿ ಮಾತಾಡೋಕೆ ಅನುಕೂಲ. ಆದ್ರೆ ಅದು ಓದೋದು ಮೇಲ್ಪದರ ಮಾತ್ರ. ವೈಟ್ ಗೋಲ್ಡ್ ಆಗಿದ್ರೆ ಮೇಲೆ ಹೆಚ್ಚಾಗಿ ರೋಡಿಯಂ ಅನ್ನೋ ಬಿಳಿ ಲೋಹದ ಲೇಪನ ಇರುತ್ತೆ, ಒಂದ್ಕಡೆ ಉಜ್ಜಿ ನೋಡದೆ ಸರಿಯಾದ ಲೆಕ್ಕ ಬರಲ್ಲ. ಬಿಳಿ ಚಿನ್ನ ಅಂತ ಬೆಲೆ ಇಳಿಸೋ ಹಾಗಿಲ್ಲ, 18 ಕ್ಯಾರೆಟ್ ಅಂದ್ರೆ ಹಳದಿ ಇರಲಿ ಬಿಳಿ ಇರಲಿ ನೂರಕ್ಕೆ 75 ಭಾಗ ಚಿನ್ನ. ಏನೇ ಆಗ್ಲಿ, ಎಲ್ಲ ನಿಮ್ಮ ಕಣ್ಣೆದುರೇ ಆಗಬೇಕು. ಉಂಗುರ ತಗೊಂಡು ಒಳಗಿನ ರೂಮಿಗೆ ಹೋಗ್ತೀನಿ ಅಂದ್ರೆ ಬೇಡ ಅನ್ನಿ. ಬೆಲೆ ಒಪ್ಪೋ ತನಕ ಕತ್ತರಿಸೋಕಾಗ್ಲಿ ಕಲ್ಲು ಕೀಳೋಕಾಗ್ಲಿ ಬಿಡಬೇಡಿ. ಅರ ಹಾಕಿದ್ರೆ ಆ ಪುಡಿನೂ ನಿಮ್ಮದೇ.

ಇನ್ನು ವಜ್ರ. ಇದು ಹೇಳೋಕೆ ಕಷ್ಟ ಆಗುತ್ತೆ, ಆದ್ರೆ ಹೇಳಲೇಬೇಕು. ಸುತ್ತ ಇರೋ ಪುಟಾಣಿ ಕಲ್ಲುಗಳಿಗೆ ಹೆಚ್ಚಿನವರು ಏನೂ ಕೊಡಲ್ಲ, ಕಿತ್ತು ವಿಂಗಡಿಸೋ ಕೂಲಿಗೂ ಸಾಲಲ್ಲ ಅಂತಾರೆ. ನಡುವಿನ ದೊಡ್ಡ ಕಲ್ಲಿಗೆ ಬೆಲೆ ಸಿಗಬಹುದು, ಅದಕ್ಕೆ ಸರ್ಟಿಫಿಕೇಟ್ ಮುಖ್ಯ. ವಜ್ರ ಪರೀಕ್ಷೆ ಮಾಡೋ ಲ್ಯಾಬುಗಳಾದ ಜಿಐಎ ಅಥವಾ ಐಜಿಐ ರಿಪೋರ್ಟ್ ಆಗಿದ್ಯಾ ನೋಡಿ, ಆಗಿದ್ರೆ ಎಷ್ಟೋ ಸಲ ಕಲ್ಲಿನ ಸೊಂಟದ ಅಂಚಲ್ಲೇ ಆ ರಿಪೋರ್ಟ್ ನಂಬರನ್ನ ಲೇಸರಲ್ಲಿ ಕೊರೆದಿರ್ತಾರೆ, ಬರಿಗಣ್ಣಿಗೆ ಕಾಣಲ್ಲ, ಲೆನ್ಸ್ ಬೇಕು. ಬಿಲ್ ಕಳೆದಿದ್ರೂ ಪರವಾಗಿಲ್ಲ, ಆ ನಂಬರ್ ಸಿಕ್ರೆ ಅವರ ವೆಬ್‌ಸೈಟಲ್ಲೇ ರಿಪೋರ್ಟ್ ನೋಡಬಹುದು. ಅದಕ್ಕೇ, ಮೊದಲು ಲೆನ್ಸಲ್ಲಿ ಅಂಚು ತೋರಿಸಿ ಅಂತ ಕೇಳಿ. ಲ್ಯಾಬಲ್ಲಿ ಬೆಳೆಸಿದ ವಜ್ರ ಆಗಿದ್ರೆ ಅದೂ ನಿಜವಾದ ವಜ್ರನೇ, ಆದ್ರೆ ಇತ್ತೀಚೆಗೆ ಅದರ ಬೆಲೆ ತುಂಬಾ ಬಿದ್ದಿದೆ, ವಾಪಸ್ ತಗೊಳ್ಳೋರು ಕಮ್ಮಿ. ಮತ್ತೆ ಇನ್ಶೂರೆನ್ಸಿಗೆ ಅಂತ ಮಾಡಿಸಿದ ವ್ಯಾಲ್ಯುಯೇಶನ್ ಪೇಪರ್ ಇದ್ರೆ ಅದರಲ್ಲಿರೋ ಮೊತ್ತ ನಂಬ್ಕೊಂಡು ಕೂರಬೇಡಿ, ಅಂಥದ್ದೇ ಹೊಸಾದು ಅಂಗಡಿಯಿಂದ ತರೋಕೆ ಎಷ್ಟಾಗುತ್ತೆ ಅನ್ನೋ ಲೆಕ್ಕ ಅದು.

ಚಿನ್ನದವರು ವಜ್ರಕ್ಕೆ ಬೆಲೆ ಕೊಡ್ತಿಲ್ಲ ಅಂದ್ರೆ ಕಲ್ಲು ಬಿಡಿಸಿ ವಾಪಸ್ ಕೊಡಿ ಅನ್ನಿ. ಎಷ್ಟು ಜನ ಕಲ್ಲನ್ನ ಸುಮ್ಮನೆ ಬಿಟ್ಟು ಬರ್ತಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ.

—

ಒಂದೇ ಮಾತು. ಕೋರ್ಟಿಂದ ಎಲ್ಲ ಫೈನಲ್ ಆಗಿದ್ಯಾ? ಒಡವೆ ಯಾರಿಗೆ ಅಂತ ಒಪ್ಪಂದದಲ್ಲಿ ಬರೆದಿದ್ಯಾ? ಉಂಗುರ ಯಾರದ್ದು ಅನ್ನೋ ಕಾನೂನು ಒಂದೊಂದು ಕಡೆ ಒಂದೊಂದು ಥರ, ಕೆಲವು ಕಡೆ ಮದುವೆ ಆದ್ಮೇಲೆ ಅದು ಕೊಟ್ಟ ಗಿಫ್ಟು, ಹಾಕ್ಕೊಂಡವರದ್ದೇ ಅಂತಾರೆ, ಕೆಲವು ಕಡೆ ಇಬ್ಬರ ಆಸ್ತಿಯ ಲೆಕ್ಕಕ್ಕೆ ಸೇರಿಸ್ತಾರೆ. ನನ್ನ ತಮ್ಮನ ಕೇಸಲ್ಲಿ ಒಡವೆ ಪಟ್ಟಿ ಇನ್ನೂ ಇತ್ಯರ್ಥ ಆಗಿರಲಿಲ್ಲ, ಅಷ್ಟರಲ್ಲಿ ಆ ಕಡೆಯವರು ಮಾರಿದ್ರು ಅಂತ ಮತ್ತೆ ವಕೀಲರು, ಮತ್ತೆ ತಾರೀಕು, ಇಬ್ಬರಿಗೂ ನೆಮ್ಮದಿ ಇಲ್ಲ. ನಿಮ್ಮದು ಮುಗಿದಿದ್ರೆ ಧಾರಾಳವಾಗಿ ಮಾರಿ. ಮಾರೋ ಮುಂಚೆ ತೂಕದ ಸಮೇತ ಫೋಟೋ ತೆಗೆದಿಡಿ, ರಸೀದಿ ಇಸ್ಕೊಂಡು ಇಟ್ಕೊಳ್ಳಿ. ಅವರ ಮನೆತನದಿಂದ ಬಂದ ಹಳೇ ಉಂಗುರ ಆಗಿದ್ರೆ ಮಾತ್ರ ಒಂದ್ಸಲ ಅವರನ್ನ ಕೇಳಿ, ನನಗೆ ಅದು ನ್ಯಾಯ ಅನ್ಸುತ್ತೆ.

—

ನಾನು ಗಂಡಸು, ನಂದು ಕಲ್ಲಿಲ್ಲದ ಸಾದಾ ಪ್ಲಾಟಿನಂ ಉಂಗುರ, ಒಳಗೆ 950 ಅಂತ ಇತ್ತು. ಚಿನ್ನದ ಥರ ಎಲ್ಲರೂ ತಗೊಳ್ಳಲ್ಲ ಇದನ್ನ, ಕೆಲವರು ನೋಡದೇನೇ ಬೇಡ ಅಂದ್ರು. ಪ್ಲಾಟಿನಂ ಕರಗೋಕೆ 1768 ಡಿಗ್ರಿ ಬೇಕು, ಚಿನ್ನ 1064ಕ್ಕೇ ಕರಗುತ್ತೆ, ಸಣ್ಣ ಅಂಗಡಿಯವರ ಹತ್ರ ಆ ವ್ಯವಸ್ಥೆ ಇರಲ್ಲ. ಕೊನೆಗೆ ಹಳೇ ಲೋಹ ಶುದ್ಧ ಮಾಡೋ ರಿಫೈನರಿಗೆ ಕೊಟ್ಟೆ, ಅಲ್ಲಿ ಬೆಲೆ ಪರವಾಗಿಲ್ಲ. ಬಂದ ದುಡ್ಡಲ್ಲಿ ಮಗಳಿಗೆ ಸೈಕಲ್ ತೆಗೆದುಕೊಟ್ಟೆ. ನನಗೆ ಅದರಿಂದ ನಿಜವಾಗ್ಲೂ ಹಗುರ ಆಯ್ತು, ದುಡ್ಡು ಖರ್ಚಲ್ಲಿ ಕಳೆದು ಹೋಗೋದಕ್ಕಿಂತ ಒಂದು ವಸ್ತು ಆಗ್ಲಿ ಅಂತ ಮೊದಲೇ ನಿರ್ಧಾರ ಮಾಡಿದ್ದೆ.

ಮಾರಲೇಬೇಕು ಅಂತೇನೂ ಇಲ್ಲ ಮೇಡಂ. ನಮ್ಮ ಅಕ್ಕ ಚಿನ್ನ ಮಾತ್ರ ಕೊಟ್ಟು ಕಲ್ಲು ಇಟ್ಕೊಂಡ್ರು, ಆಮೇಲೆ ಪೆಂಡೆಂಟ್ ಮಾಡಿಸ್ಕೊಂಡ್ರು. ಅಮ್ಮನಿಗೂ ಸಮಾಧಾನ, ನಿಮಗೂ ಬೀರು ಖಾಲಿ.

—

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಓದಿ ಸಮಾಧಾನ ಆಯ್ತು. ಡಿಕ್ರಿ ಆಗಿದೆ, ಉಂಗುರ ನನ್ನದೇ ಅಂತ ಪೇಪರಲ್ಲೂ ಇದೆ. ಒಳಗೆ 750 ಕಾಣ್ತು. ಎರಡು ಡೌಟು. ಒಳಗೆ ಇಬ್ಬರ ಹೆಸರು, ಮದುವೆ ತಾರೀಕು ಕೆತ್ತಿಸಿದೀವಿ, ಅದಕ್ಕೆ ಬೆಲೆ ಕಮ್ಮಿ ಆಗುತ್ತಾ? ಆನ್‌ಲೈನಲ್ಲಿ ನೇರವಾಗಿ ಯಾರಿಗಾದ್ರೂ ಮಾರಿದ್ರೆ ಜಾಸ್ತಿ ಸಿಗುತ್ತಂತೆ, ಹೌದಾ?

—

ಅಕ್ಕಸಾಲಿ ಮನೆಯವನೇ ಬರೀತಿದೀನಿ. ಕೆತ್ತಿರೋ ಹೆಸರಿಂದ ಏನೂ ಕಮ್ಮಿ ಆಗಲ್ಲ, ಕರಗಿಸೋ ಚಿನ್ನಕ್ಕೆ ತೂಕನೇ ಲೆಕ್ಕ. ಉಂಗುರ ಸೊಟ್ಟ ಆಗಿದ್ರೂ, ಬೆರಳಿಂದ ಬರದೆ ಕತ್ತರಿಸಿ ತೆಗೆದಿದ್ರೂ ಅಷ್ಟೇ ಬೆಲೆ. ಹಾಗೇ ಇನ್ನೊಬ್ಬರಿಗೆ ಹಾಕ್ಕೊಳ್ಳೋಕೆ ಮಾರೋದಾದ್ರೆ ಅಕ್ಷರ ಉಜ್ಜಿಸಿ ಪಾಲಿಶ್ ಮಾಡಿಸಬಹುದು, ಆಗ ಕೂದಲೆಳೆಯಷ್ಟು ಚಿನ್ನ ಹೋಗುತ್ತೆ. ಬೇರೆಯವರ ಕೈಗೆ ಆ ಹೆಸರು ಹೋಗೋದು ಬೇಡ ಅನ್ಸಿದ್ರೆ ನಿಮ್ಮೆದುರೇ ಉಜ್ಜಿ ಕೊಡಿ ಅಂತ ಕೇಳಿ, ಯಾರೂ ಇಲ್ಲ ಅನ್ನಲ್ಲ.

ಆನ್‌ಲೈನಲ್ಲಿ ಸಿಕ್ರೆ ಜಾಸ್ತಿ ಸಿಗುತ್ತೆ, ಹೌದು, ಯಾಕಂದ್ರೆ ತಗೊಳ್ಳೋರು ಉಂಗುರಾನೇ ತಗೊಳ್ತಾರೆ, ಕರಗಿಸಲ್ಲ. ಆದ್ರೆ ಕಾಯಬೇಕು, ಗುರುತಿಲ್ಲದವರ ಜೊತೆ ಮತ್ತೆ ಮತ್ತೆ ಮಾತಾಡ್ಬೇಕು, ಈಗ ನಿಮ್ಮ ಮನಸ್ಥಿತಿಗೆ ಅದು ಆಗುತ್ತಾ ನೋಡ್ಕೊಳ್ಳಿ. ಮಾಡೋದಾದ್ರೆ ಮನೆಗೆ ಕರೀಬೇಡಿ, ಯಾವ್ದಾದ್ರೂ ಒಡವೆ ಅಂಗಡಿಯಲ್ಲೇ ಭೇಟಿ ಮಾಡಿ, ಅಲ್ಲೇ ಟೆಸ್ಟ್ ಮಾಡಿಸಿ ಕೊಡಿ. ದುಡ್ಡು ಕಳಿಸಿದೀನಿ ಅಂತ ಮೊಬೈಲಲ್ಲಿ ಸ್ಕ್ರೀನ್‌ಶಾಟ್ ತೋರಿಸ್ತಾರೆ, ಅದನ್ನ ನಂಬಬೇಡಿ, ನಿಮ್ಮ ಅಕೌಂಟ್ ತೆಗೆದು ದುಡ್ಡು ಬಂದಿದ್ಯಾ ನೋಡಿ ಆಮೇಲೆ ಉಂಗುರ ಕೊಡಿ. ವಜ್ರದ ಅಂಚಲ್ಲಿ ನಂಬರ್ ಸಿಕ್ತಾ ಅಂತ ಬಂದು ಹೇಳಿ, ಸಿಕ್ರೆ ಯಾರ ಹತ್ರ ತೋರಿಸ್ಬೇಕು ಅಂತ ಮುಂದೆ ನೋಡೋಣ.