ಅಡಿಕೆ ಸುಲಿಯುವ ಯಂತ್ರದ ಟ್ರೈಲರ್ ಎಳೆಯಲು ಯಾವ ಪಿಕಪ್ ಒಳ್ಳೆಯದು?

ತೋಟದಮನೆ (ತೀರ್ಥಹಳ್ಳಿ):
ಎಲ್ಲರಿಗೂ ನಮಸ್ಕಾರ. ಮನೆಮನೆಗೆ ಹೋಗಿ ಬಾಡಿಗೆಗೆ ಅಡಿಕೆ ಸುಲಿದು ಕೊಡುವ ಕೆಲಸ ನಮ್ಮದು. ಯಂತ್ರ, ಜನರೇಟರ್ ಎರಡನ್ನೂ ಒಂದೇ ಟ್ರೈಲರ್ ಮೇಲೆ ಕೂರಿಸಿದ್ದೇವೆ. ಮೊನ್ನೆ ತೂಕ ಹಾಕಿಸಿದೆ, ಎಲ್ಲಾ ಸೇರಿ 1,450 ಕೆಜಿ ಬಂತು. ಇಷ್ಟು ದಿನ ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುತ್ತಿದ್ದೆವು. ಈಗ ಕೊಪ್ಪ, ಹೊಸನಗರ ಕಡೆಯಿಂದಲೂ ಕರೆಯುತ್ತಾರೆ, ಟ್ರ್ಯಾಕ್ಟರಲ್ಲಿ ಅಷ್ಟು ದೂರ ಹೊರಟರೆ ಅರ್ಧ ದಿನ ದಾರಿಯಲ್ಲೇ ಹೋಗುತ್ತದೆ. ಕೊಯ್ಲು ಶುರುವಾದ ಮೇಲೆ ಯಾರೂ ಕಾಯುವುದಿಲ್ಲ, ಅಡಿಕೆ ಗೊನೆ ಇಳಿಸಿದ ಮೇಲೆ ಬೇಗ ಸುಲಿದು ಬೇಯಿಸಲೇಬೇಕು ಅಲ್ವಾ.

ಬೊಲೆರೊ ಪಿಕಪ್ ಅಥವಾ ಟಾಟಾ ಯೋಧ ತಗೊಳ್ಳೋಣ ಅಂತ ಇದ್ದೇನೆ. ಭಾವ ಮಾತ್ರ ಸೆಕೆಂಡ್ ಹ್ಯಾಂಡ್ ಟೊಯೊಟಾ ಹೈಲಕ್ಸ್ ನೋಡು ಅನ್ನುತ್ತಾರೆ. ಯೂಟ್ಯೂಬಲ್ಲಿ ಅಮೆರಿಕದ ಫೋರ್ಡ್ ಎಫ್-150 ಆರು ಟನ್ ಎಳೆಯುವುದನ್ನು ನೋಡಿದೆ, ಅದನ್ನು ಅಲ್ಲಿ ಅರ್ಧ ಟನ್ನಿನ ಗಾಡಿ ಅಂತಾರಂತೆ. ಬೊಲೆರೊ 1.7 ಟನ್ ಹೊರುವ ಗಾಡಿ. ಹಾಗಾದರೆ ಒಂದೂವರೆ ಟನ್ ಟ್ರೈಲರ್ ಅದಕ್ಕೆ ಸಲೀಸು ಅಲ್ವಾ?

ಸಾಗರದ ಹುಡುಗ:
ಹೊರುವುದು ಬೇರೆ, ಎಳೆಯುವುದು ಬೇರೆ ಅಣ್ಣ. ನಾನು ಟೆಕ್ಸಾಸಿನಲ್ಲಿ ಕೆಲವು ವರ್ಷ ಇದ್ದೆ, ರ‍್ಯಾಮ್ 1500 ಪಿಕಪ್ಪಿಗೆ ಟ್ರೈಲರ್ ಕಟ್ಟಿ ಓಡಿಸಿದ್ದೇನೆ. ಅರ್ಧ ಟನ್ ಅನ್ನುವುದು ಹಳೇ ಕಾಲದ ಹೆಸರು. ಆಗ ಆ ಗಾಡಿಗಳು ಬೆನ್ನ ಮೇಲೆ ಸುಮಾರು ಅಷ್ಟೇ ಹೊರುತ್ತಿದ್ದವು. ಈಗಿನವು ಜಾಸ್ತಿ ಹೊರುತ್ತವೆ, ಹೆಸರು ಮಾತ್ರ ಉಳಿದಿದೆ. ಎಫ್-150, ಸಿಲ್ವರಾಡೊ 1500, ರ‍್ಯಾಮ್ 1500 ಎಲ್ಲ ಅದೇ ವರ್ಗ.

ನೀವು ನೋಡಿದ ಆರು ಟನ್ ಲೆಕ್ಕ ಸುಳ್ಳಲ್ಲ, ಆದರೆ ಅದು ಸರಿಯಾದ ಎಂಜಿನ್, ಸರಿಯಾದ ಆಕ್ಸಲ್ ಹಾಕಿಸಿದ ಗಾಡಿಯದ್ದು, ಮತ್ತು ಆ ಟ್ರೈಲರಿಗೆ ಅದರದ್ದೇ ಬ್ರೇಕ್ ಇರುತ್ತದೆ. ಅಲ್ಲಿ ಟ್ರೈಲರಿನ ತೂಕದಲ್ಲಿ ನೂರಕ್ಕೆ 10ರಿಂದ 15 ಭಾಗ ಹುಕ್ಕಿನ ಮೇಲೆ ಕೂರಬೇಕು ಅಂತ ಲೆಕ್ಕ. ಮೂರು ಟನ್ ಟ್ರೈಲರ್ ಅಂದರೆ 300ರಿಂದ 450 ಕೆಜಿ ಹುಕ್ಕಿಗೇ ಬಂತು, ಅದೂ ಗಾಡಿ ಹೊರುವ ಲೆಕ್ಕಕ್ಕೇ ಸೇರುತ್ತದೆ. ಅದರ ಮೇಲೆ ಮನೆಮಂದಿ, ಸಾಮಾನು. ಡ್ರೈವರ್ ಬಾಗಿಲು ತೆರೆದರೆ ಪಕ್ಕದಲ್ಲೇ ಹಳದಿ ಚೀಟಿ ಇರುತ್ತದೆ, ಜನ ಮತ್ತು ಸಾಮಾನು ಸೇರಿ ಇಷ್ಟೇ ಅಂತ. ಅಲ್ಲಿಯವರು ಎಂಜಿನ್ ಸೋಲುವ ಮೊದಲೇ ಆ ಚೀಟಿಯ ತೂಕ ಮುಟ್ಟಿಬಿಡುತ್ತಾರೆ.

ಹೈಲಕ್ಸ್ ಬಗ್ಗೆ ಭಾವ ಹೇಳಿದ್ದು ತಪ್ಪಲ್ಲ. ಆಸ್ಟ್ರೇಲಿಯಾದಲ್ಲಿ ಅದಕ್ಕೆ 3,500 ಕೆಜಿ ಎಳೆಯಲು ಬಿಡುತ್ತಾರೆ. ಆದರೆ ಟ್ರೈಲರಿಗೆ ಬ್ರೇಕ್ ಇಲ್ಲದಿದ್ದರೆ ಅದೇ ಗಾಡಿಗೆ 750 ಕೆಜಿ ಮಾತ್ರ. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿ. ನಿಮ್ಮ ಟ್ರೈಲರಿಗೆ ಬ್ರೇಕ್ ಇದೆಯಾ?

ತೋಟದಮನೆ:
ಇಲ್ಲ. ಟ್ರ್ಯಾಕ್ಟರಿಗೆ ಅಂತ ಮಾಡಿಸಿದ್ದು, ಬರೀ ಎರಡು ಚಕ್ರ, ಒಂದು ಹುಕ್.

ಘಾಟಿ ಗಾಡಿ (ಹೊಸನಗರ):
ಮಾರಾಯ್ರೇ, ಹಾಗೇ ಕಟ್ಟಿಕೊಂಡು ಹೊರಡಬೇಡಿ. ನನಗೆ ಆದದ್ದು ಹೇಳುತ್ತೇನೆ. ಎರಡು ವರ್ಷದ ಹಿಂದೆ ಪಿಕಪ್ಪಿಗೆ ಇಂಥದ್ದೇ ಟ್ರೈಲರ್ ಕಟ್ಟಿ ಹುಲಿಕಲ್ ಘಾಟಿ ಇಳಿದೆ, ಕಾಂಕ್ರೀಟ್ ಮಿಕ್ಸರ್ ಇತ್ತು ಮೇಲೆ. ಹತ್ತುವಾಗ ಏನೂ ತೊಂದರೆ ಆಗಿರಲಿಲ್ಲ, ಆ ಧೈರ್ಯದಲ್ಲೇ ಥರ್ಡ್ ಗೇರಲ್ಲಿ ಇಳಿಸಿದೆ. ನಾಲ್ಕನೇ ತಿರುವಿಗೆ ಬ್ರೇಕ್ ಲೈನರ್ ಸುಟ್ಟ ವಾಸನೆ. ಪೆಡಲ್ ಒತ್ತಿದರೆ ಕಾಲು ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ, ಹಿಂದಿನಿಂದ ಟ್ರೈಲರ್ ನೂಕುತ್ತಲೇ ಇದೆ, ಅದೂ ನೇರ ಅಲ್ಲ, ಒಂದು ಪಕ್ಕಕ್ಕೆ. ಸೆಕೆಂಡಿಗೆ, ಫಸ್ಟಿಗೆ ಎಳೆದು ರಸ್ತೆ ಪಕ್ಕದ ಧರೆಗೆ ಒರೆಸಿ ನಿಲ್ಲಿಸಿದೆ. ಪಕ್ಕದಲ್ಲಿದ್ದ ಹುಡುಗ ಇಳಿದವನು ಹತ್ತು ನಿಮಿಷ ಮಾತಾಡಲಿಲ್ಲ. ಚಕ್ರದ ಹತ್ತಿರ ಕೈ ತಂದರೆ ಕಾವು ಹೊಡೆಯುತ್ತಿತ್ತು, ನೀರು ಹಾಕಬೇಡಿ ಅಂತ ಒಬ್ಬ ಲಾರಿ ಡ್ರೈವರ್ ಕೂಗಿ ಹೇಳಿದರು, ಬ್ರೇಕ್ ಡ್ರಮ್ ಬಿರಿಯುತ್ತದೆ ಅಂತ. ಒಂದೂವರೆ ಗಂಟೆ ಅಲ್ಲೇ ಕೂತೆವು.

ಎಳೆಯುವ ತಾಕತ್ತು ಮಾತ್ರ ಕೇಳಿದರೆ ಯೋಧ ಮೇಲು. 2.2 ಲೀಟರ್ ಎಂಜಿನ್, 100 ಎಚ್‌ಪಿ, 250 ಎನ್‌ಎಂ ಟಾರ್ಕ್ (ಎಂಜಿನ್ ತಿರುಗಿಸುವ ಬಲ). ಬೊಲೆರೊ ಪಿಕಪ್ 75 ಎಚ್‌ಪಿ ಆಸುಪಾಸು, 200 ಎನ್‌ಎಂ. ಏರಿನಲ್ಲಿ ಈ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ. ಆದರೆ ರಿಪೇರಿಗೆ ಬೊಲೆರೊ ಸುಲಭ, ನಮ್ಮೂರಲ್ಲಿ ಯಾವ ಗ್ಯಾರೇಜಿಗೆ ಹೋದರೂ ಕೈ ಹಾಕುತ್ತಾರೆ. ಇನ್ನೊಂದು, ಖಾಲಿ ಪಿಕಪ್ಪಿಗೆ ಭಾರದ ಟ್ರೈಲರ್ ಕಟ್ಟಿದರೆ ಮಳೆಗಾಲದಲ್ಲಿ ತೋಟದ ಕೆಮ್ಮಣ್ಣಿನ ಏರಿನಲ್ಲಿ ಹಿಂದಿನ ಚಕ್ರ ಸುಮ್ನೆ ತಿರುಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಹೈಲಕ್ಸಿಗೆ ನಾಲ್ಕು ಚಕ್ರಕ್ಕೂ ಎಳೆತ ಇದೆ, ಅದು ಹತ್ತುತ್ತದೆ. ಆದರೆ ಹೊಸದರ ಬೆಲೆ ಬೊಲೆರೊದ ಮೂರು ಪಟ್ಟು, ಸುಲಿ ಬಾಡಿಗೆಯಲ್ಲಿ ಆ ದುಡ್ಡು ಯಾವಾಗ ಹುಟ್ಟಬೇಕು?

ವೆಲ್ಡಿಂಗ್ ಶೆಡ್ (ಶಿವಮೊಗ್ಗ):
ಟ್ರೈಲರಿಗೆ ಬ್ರೇಕ್ ಕೂರಿಸಬಹುದು. ಗಾಡಿ ನಿಧಾನ ಮಾಡಿದಾಗ ಟ್ರೈಲರ್ ಮುಂದಕ್ಕೆ ಒತ್ತುತ್ತದಲ್ಲ, ಆ ಒತ್ತಡದಿಂದಲೇ ಅದರ ಬ್ರೇಕ್ ಹಿಡಿಯುವ ಹುಕ್ ಬರುತ್ತದೆ. ಲೈಟ್, ಟ್ರೈಲರಿಗೆ ಬೇರೆ ಆರ್‌ಸಿ, ಎಲ್ಲ ಬೇಕು.

ಆದರೆ ನನ್ನ ಪ್ರಶ್ನೆ ಬೇರೆ. ಟ್ರೈಲರ್ ಯಾಕೆ ಬೇಕು? 1,450ರಲ್ಲಿ ಟ್ರೈಲರಿನ ಕಬ್ಬಿಣವೇ 500 ಕೆಜಿ ಇರಬಹುದು. ಉಳಿದದ್ದು 950. 1.7 ಟನ್ ಹೊರುವ ಪಿಕಪ್ಪಿನ ಬೆನ್ನ ಮೇಲೇ ಕೂರಿಸಿ, ನಾಲ್ಕು ಬೋಲ್ಟ್ ಹಾಕಿ. ಆಗ ಭಾರ ಗಾಡಿಯ ಬ್ರೇಕಿಗೆ ಲೆಕ್ಕ ಹಾಕಿದ ಜಾಗದಲ್ಲೇ ಇರುತ್ತದೆ, ಹಿಂದಿನ ಚಕ್ರಕ್ಕೆ ಹಿಡಿತವೂ ಸಿಗುತ್ತದೆ. ಅಂಗಳದಲ್ಲಿ ರಿವರ್ಸ್ ತಗೊಳ್ಳುವ ಕಷ್ಟವೂ ತಪ್ಪುತ್ತದೆ.

ತೋಟದಮನೆ:
ಇದು ನನಗೆ ಹೊಳೆದೇ ಇರಲಿಲ್ಲ. ಒಂದೇ ತೊಡಕು, ಈಗ ಟ್ರೈಲರ್ ತಗ್ಗಿದೆ, ಹೆಂಗಸರು ನಿಂತಲ್ಲೇ ಬುಟ್ಟಿ ಎತ್ತಿ ಸುರಿಯುತ್ತಾರೆ. ಪಿಕಪ್ ಮೇಲೆ ಕೂರಿಸಿದರೆ ಯಂತ್ರದ ಬಾಯಿ ತಲೆಗಿಂತ ಮೇಲೆ ಹೋಗುತ್ತದೆ. ದಿನಕ್ಕೆ ನೂರಾರು ಬುಟ್ಟಿ, ಅವರ ಹೆಗಲು ಏನಾಗಬೇಕು?

ವೆಲ್ಡಿಂಗ್ ಶೆಡ್:
ಕೆಳಗಿನಿಂದ ಮೇಲಕ್ಕೆ ಒಯ್ಯುವ ಬೆಲ್ಟ್ ಒಂದು ಹಾಕಿದರೆ ಆಯಿತು, ಜನರೇಟರ್ ಹೇಗೂ ಇದೆಯಲ್ಲ. ನೆಲದಿಂದ ಯಂತ್ರದ ಬಾಯಿಗೆ ಎಷ್ಟು ಎತ್ತರ, ಯಂತ್ರ ಎಷ್ಟು ಉದ್ದ, ಅಳೆದು ಹಾಕಿ. ಫೋಟೋ ಇದ್ದರೆ ಇನ್ನೂ ಒಳ್ಳೆಯದು.

ತೋಟದಮನೆ:
ನಾಳೆ ಬೆಳಿಗ್ಗೆ ಅಳೆದು ಹಾಕುತ್ತೇನೆ. ಅಲ್ಲಿಯವರೆಗೆ ಶೋರೂಮಿಗೆ ಅಡ್ವಾನ್ಸ್ ಕೊಡುವುದಿಲ್ಲ.