ಮೂರನೇ ಕ್ಲಾಸಿನ ಹುಡುಗ, ಹೋಂವರ್ಕ್ ಅಂದ್ರೆ ದಿನಾ ಜಗಳ. ಟ್ಯೂಷನ್‌ಗೆ ಹಾಕೋದಾ?

ಹೊಸನಗರದ_ಅಮ್ಮ

ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕಿನ ಹಳ್ಳಿ. ಮಗನಿಗೆ ಎಂಟು ವರ್ಷ, ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಮೂರನೇ ಕ್ಲಾಸು. ಬೆಳಿಗ್ಗೆ 7.30ಕ್ಕೆ ವ್ಯಾನ್ ಹತ್ತಿದರೆ ಮನೆ ಸೇರೋದು ಸಂಜೆ 5.15ಕ್ಕೆ. ಬಂದವನೇ ಮೊಬೈಲ್ ಹಿಡೀತಾನೆ. ಏಳು ಗಂಟೆಗೆ ಹೋಂವರ್ಕ್‌ಗೆ ಕೂರಿಸಿದ್ರೆ ಒಂಬತ್ತೂವರೆಯಾದ್ರೂ ಮುಗಿಯಲ್ಲ. ಕೊನೆಗೆ ಅವನೂ ಅಳ್ತಾನೆ, ನನಗೂ ತಲೆ ಕೆಡುತ್ತೆ. ಕನ್ನಡ ಓದುವಾಗ ಒತ್ತಕ್ಷರ ಬಂದ ಕಡೆ ಒತ್ತನ್ನೇ ಬಿಟ್ಟು ಓದ್ತಾನೆ. ಕೂಡೋದು ಕಳೆಯೋದು ಬರುತ್ತೆ, ಆದರೆ ವಾಕ್ಯದ ಲೆಕ್ಕ ಕೊಟ್ರೆ ಸುಮ್ಮನೆ ಕೂರ್ತಾನೆ. ಮಿಸ್ ಡೈರಿಯಲ್ಲಿ 'ಗಮನ ಇಲ್ಲ' ಅಂತ ಬರೆದು ಕಳಿಸಿದ್ದಾರೆ. ಈಗ ಅಡಿಕೆ ಕೊನೆ (ಗೊನೆ) ಕೊಯ್ಲು ಬೇರೆ ಶುರುವಾಗಿದೆ, ಸಂಜೆಯಾದ್ರೆ ಮನೆಯವರೆಲ್ಲ ಅಡಿಕೆ ಸುಲಿಯೋಕೆ ಕೂರ್ತೀವಿ. ಟ್ಯೂಷನ್‌ಗೆ ಹಾಕಿದ್ರೆ ಸರಿಹೋಗುತ್ತಾ? ತಿಳಿದವರು ಹೇಳಿ.

ಕರಿಹಲಗೆ

ನೋಡಿ ತಂಗಿ, ಟ್ಯೂಷನ್ ವಿಚಾರ ಆಮೇಲೆ. ಮೊದಲು ಗಡಿಯಾರ ಇಟ್ಟುಕೊಂಡು ಲೆಕ್ಕ ಹಾಕೋಣ.

ಹುಡುಗ ಮನೆಯಿಂದ ಹೊರಗಿರೋದು ಒಂಬತ್ತೂ ಮುಕ್ಕಾಲು ಗಂಟೆ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. 7.30ರ ವ್ಯಾನ್ ಅಂದ್ರೆ ಆರಕ್ಕೆ ಏಳಬೇಕು, ಹಾಗಾದ್ರೆ ರಾತ್ರಿ 8.30ಕ್ಕೆ ಹಾಸಿಗೆಯಲ್ಲಿರಬೇಕು. ಉಳಿಯೋದು ಮೂರೂಕಾಲು ಗಂಟೆ. ಅದರಲ್ಲೇ ತಿಂಡಿ, ಆಟ, ಸ್ನಾನ, ಊಟ, ಪಾಠ. ಈಗ ನೀವು ಏಳರಿಂದ ಒಂಬತ್ತೂವರೆವರೆಗೆ ಕೂರಿಸ್ತಿದ್ದೀರಿ. ಕೊನೆಯ ಒಂದು ಗಂಟೆ ಅವನ ನಿದ್ದೆಯಿಂದ ಕಿತ್ತುಕೊಂಡದ್ದು. ಮಾರನೇ ದಿನ ಕ್ಲಾಸಲ್ಲಿ 'ಗಮನ ಇಲ್ಲ' ಅನಿಸೋಕೆ ಅಷ್ಟು ಸಾಕು. ಟ್ಯೂಷನ್ ಸೇರಿಸಿದ್ರೆ ಅದಕ್ಕೂ ಹೋಗಿ ಬರೋ ಸಮಯವನ್ನು ಇದರೊಳಗೇ ತುರುಕಬೇಕು.

ಹೀಗೆ ಮಾಡಿ ನೋಡಿ. ಬಂದ ಕೂಡಲೇ ಹೊಟ್ಟೆಗೆ ಕೊಡಿ, ಬಿಸ್ಕತ್ತಲ್ಲ, ಗಟ್ಟಿಯಾಗಿ ಏನಾದ್ರೂ: ಮಧ್ಯಾಹ್ನದ ಅನ್ನ ಮೊಸರು, ಅವಲಕ್ಕಿ, ಬಾಳೆಹಣ್ಣು. ಆಮೇಲೆ ಕತ್ತಲಾಗೋವರೆಗೆ ಅಂಗಳದಲ್ಲಿ ಓಡಿ ಆಡಲಿ. ಈ ತಿಂಗಳಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗುತ್ತೆ, ಹಾಗಾಗಿ ಆಟ ಮೊದಲು, ಮೊಬೈಲ್ ಅಲ್ಲ. 6.15ಕ್ಕೆ ಸ್ನಾನ. 6.40ಕ್ಕೆ ಪಾಠಕ್ಕೆ ಕೂರಲಿ: ಇಪ್ಪತ್ತು ನಿಮಿಷ, ಐದು ನಿಮಿಷ ಬಿಡುವು, ಮತ್ತೆ ಇಪ್ಪತ್ತು ನಿಮಿಷ. ಊಟ 7.30ಕ್ಕೆ. 8ರಿಂದ 8.15 ಓದು, ಅಷ್ಟೇ.

ತಲೆ ಖರ್ಚು ಮಾಡಬೇಕಾದ ವಿಷಯ ಮೊದಲ ಇಪ್ಪತ್ತು ನಿಮಿಷದಲ್ಲೇ ಆಗಬೇಕು. ನಕಲು ಬರೆಯೋದು ಕೊನೆಗೆ. ಹೆಚ್ಚಿನ ಮನೆಗಳಲ್ಲಿ ಇದು ಉಲ್ಟಾ. ಸುಲಭದ್ದು ಅಂತ ಕಾಪಿ ರೈಟಿಂಗ್ ಮೊದಲು ಮಾಡಿಸ್ತಾರೆ, ಲೆಕ್ಕಕ್ಕೆ ಬರೋ ಹೊತ್ತಿಗೆ ಹುಡುಗ ತೂಕಡಿಸ್ತಾನೆ.

ಇನ್ನೊಂದು: ರಬ್ಬರ್ ಹಿಡಿದು ಪಕ್ಕದಲ್ಲೇ ಕೂರಬೇಡಿ. ಪಕ್ಕದಲ್ಲಿ ಕೂತರೆ ಪ್ರತಿ ಸಾಲಿಗೂ ನಿಮ್ಮ ಮುಖ ನೋಡೋದು ಅವನಿಗೆ ರೂಢಿಯಾಗುತ್ತೆ. ಒಂದನೇ ಲೆಕ್ಕ ಇಬ್ಬರೂ ಸೇರಿ ಮಾಡಿ. ಎರಡನೆಯದನ್ನು ಅವನು ಮಾಡಲಿ, ನೀವು ಬಾಯಿ ಮುಚ್ಚಿಕೊಂಡು ನೋಡಿ. ಮೂರನೆಯದಕ್ಕೆ ಎದ್ದು ಅಡಿಗೆಮನೆಗೆ ಹೋಗಿ, ಐದು ನಿಮಿಷ ಬಿಟ್ಟು ಬನ್ನಿ. ತಪ್ಪಿದ್ದರೆ 'ಇದು ತಪ್ಪು' ಅನ್ನೋ ಬದಲು 'ಇದು ಹೇಗೆ ಬಂತು, ಹೇಳು' ಅಂತ ಕೇಳಿ. ಹೇಳ್ತಾ ಹೇಳ್ತಾ ಅವನಿಗೇ ಗೊತ್ತಾಗುತ್ತೆ.

ನಲವತ್ತು ನಿಮಿಷದಲ್ಲಿ ಮುಗಿಯದಿದ್ರೆ ಪುಸ್ತಕ ಮುಚ್ಚಿಸಿ. ಡೈರಿಯಲ್ಲಿ 'ನಲವತ್ತು ನಿಮಿಷ ಕೂತಿದ್ದಾನೆ, ಇಂತಿಂಥದ್ದು ಉಳಿದಿದೆ' ಅಂತ ಬರೆದು ಸಹಿ ಹಾಕಿ ಕಳಿಸಿ. ಎರಡು ವಾರ ಹೀಗೆ ಹೋದರೆ ಹೋಂವರ್ಕ್ ಹೆಚ್ಚಾಗ್ತಿದೆಯೋ ಅಥವಾ ಹುಡುಗನಿಗೆ ಯಾವುದೋ ಒಂದು ಕಡೆ ತೊಡಕಿದೆಯೋ ಅನ್ನೋದು ಶಾಲೆಗೂ ಗೊತ್ತಾಗುತ್ತೆ.

ಮಳೆಗಾಲದ_ಕಪ್ಪೆ

ಇಷ್ಟೆಲ್ಲ ಟೈಂಟೇಬಲ್ ಯಾಕೆ ಮಾರಾಯ್ರೆ? ಎರಡು ಬಿಟ್ರೆ ತಾನಾಗೇ ಕೂರ್ತಾನೆ. ನಮ್ಮ ಕಾಲದಲ್ಲಿ ಬೆತ್ತ ಇಲ್ದೆ ಯಾರಿಗೆ ವಿದ್ಯೆ ಬಂತು?

ಕರಿಹಲಗೆ

ಬೆತ್ತಕ್ಕೆ ಹುಡುಗ ಕೂರ್ತಾನೆ, ಓದೋದಿಲ್ಲ. ಹೊಡೆತದ ಭಯ ಇರುವ ಮಕ್ಕಳು ಮೊದಲು ಕಲಿಯೋದು ಡೈರಿ ಬಚ್ಚಿಡೋದು, ಎರಡನೆಯದು ಉತ್ತರ ಗೊತ್ತಿದ್ರೂ ಬಾಯಿ ಬಿಡದಿರೋದು. ಶಾಲೆಯಲ್ಲಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಹೊಡೆಯೋದೂ, ಮನಸ್ಸಿಗೆ ಹಿಂಸೆ ಕೊಡೋದೂ ಎರಡೂ ನಿಷಿದ್ಧ. ಮನೆಯಲ್ಲಿ ಬೇರೆ ನ್ಯಾಯ ಯಾಕೆ?

ತುಂಗಾ_ಸೇತುವೆ

'ಗಮನ ಇಲ್ಲ' ಅಂತ ಬರೆದಿರುವ ಮಗುವಿಗೆ ಕಣ್ಣು, ಕಿವಿ, ರಕ್ತ ಮೂರನ್ನೂ ಮೊದಲು ನೋಡಿಸಿ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದು ತಪಾಸಣೆ ಮಾಡುತ್ತದೆ. ಖಾಸಗಿ ಶಾಲೆಯ ಮಕ್ಕಳು ಅದರ ವ್ಯಾಪ್ತಿಯಲ್ಲಿಲ್ಲ, ಆದ್ದರಿಂದ ಅಪ್ಪ ಅಮ್ಮನೇ ಕರೆದುಕೊಂಡು ಹೋಗಬೇಕು.

ಕಣ್ಣು: ಗೋಡೆಯ ಕ್ಯಾಲೆಂಡರ್‌ನಿಂದ ದೂರ ನಿಲ್ಲಿಸಿ, ಒಂದು ಕಣ್ಣು ಅಂಗೈಯಿಂದ ಮುಚ್ಚಿಸಿ ತಾರೀಖು ಓದಿಸಿ. ಆಮೇಲೆ ಇನ್ನೊಂದು ಕಣ್ಣು. ಬೆರಳಿಂದ ಮುಚ್ಚಿದರೆ ಮಕ್ಕಳು ಸಂದಿಯಲ್ಲಿ ನೋಡುತ್ತವೆ, ಹುಷಾರು. ಎರಡು ಕಣ್ಣಿಗೂ ವ್ಯತ್ಯಾಸ ಕಂಡರೆ, ಕಣ್ಣು ಕಿರಿದು ಮಾಡಿದರೆ, ಟಿವಿಗೆ ಅಂಟಿಕೊಂಡು ಕೂರುತ್ತಿದ್ದರೆ ಕಣ್ಣಿನ ವೈದ್ಯರಿಗೆ ತೋರಿಸಿ. ಇದು ಪರೀಕ್ಷೆ ಅಲ್ಲ, ಸುಳಿವು ಅಷ್ಟೆ. ಇಲ್ಲಿ ಸರಿ ಓದಿದರೂ ವರ್ಷಕ್ಕೊಮ್ಮೆ ತೋರಿಸುವುದು ಒಳ್ಳೆಯದು.

ಕಿವಿ: ನಮ್ಮ ಕಡೆ ಮಳೆಗಾಲ ಪೂರ್ತಿ ಶೀತದಲ್ಲಿರುವ ಮಕ್ಕಳಿಗೆ ಕಿವಿಯ ಪರದೆ ಹಿಂದೆ ದ್ರವ ನಿಂತು ಕೇಳಿಸುವುದು ಮಂದವಾಗುತ್ತದೆ. ನೋವಿರುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಹಿಂದಿನಿಂದ ಮೆಲ್ಲಗೆ ಹೆಸರು ಕರೆದರೆ ತಿರುಗದಿರುವುದು, ಟಿವಿ ಸೌಂಡ್ ಜಾಸ್ತಿ ಮಾಡುವುದು ಲಕ್ಷಣ. ಅಂಥ ಮಗು ಹಿಂದಿನ ಬೆಂಚಿನಲ್ಲಿ ಕೂತರೆ ಪಾಠದ ಅರ್ಧ ಹೋಯಿತು ಅಂತಲೇ ತಿಳಿಯಿರಿ.

ರಕ್ತ: 5ರಿಂದ 11 ವರ್ಷದವರಿಗೆ ಹಿಮೋಗ್ಲೋಬಿನ್ 11.5ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಸುಸ್ತು, ಸಿಡುಕು, ಪಾಠದಲ್ಲಿ ಮನಸ್ಸು ನಿಲ್ಲದಿರುವುದು ಇದರದೇ ಲಕ್ಷಣ ಆಗಿರಬಹುದು. ಇದಕ್ಕೆ ಕಾರಣವಾಗಬಹುದಾದ ಎರಡು ವಿಷಯ ನಮ್ಮ ಕಡೆ ಗಮನಿಸಬೇಕು. ಒಂದು, ತೋಟದಲ್ಲಿ ಬರಿಗಾಲಲ್ಲಿ ಓಡಾಡುವುದು. ಕೊಕ್ಕೆಹುಳು ಒದ್ದೆ ಮಣ್ಣಿನಿಂದ ಪಾದದ ಚರ್ಮದ ಮೂಲಕವೇ ಒಳಗೆ ಹೋಗಿ ಕರುಳಲ್ಲಿ ರಕ್ತ ಹೀರುತ್ತದೆ. ಎರಡು, ತಿಂಡಿ ಜೊತೆ ಚಹಾ. ಆಹಾರದ ಕಬ್ಬಿಣಾಂಶ ಮೈಗೆ ಹತ್ತದಂತೆ ಚಹಾ ತಡೆಯುತ್ತದೆ. ಎಂಟು ವರ್ಷದವನಿಗೆ ಚಹಾ ಬೇಡವೇ ಬೇಡ. ಹರಿವೆ, ಬಸಳೆ, ಹುರುಳಿಗೆ ನಿಂಬೆರಸ ಹಿಂಡಿ ಕೊಟ್ಟರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಜಂತುಹುಳುವಿನ ಅಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆಯನ್ನು ವರ್ಷಕ್ಕೆ ಎರಡು ಸಲ ಶಾಲೆ, ಅಂಗನವಾಡಿಗಳಲ್ಲಿ ಕೊಡುತ್ತಾರೆ. ಆ ದಿನ ರಜೆ ಹಾಕಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಕಬ್ಬಿಣದ ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ನೀವೇ ತಂದು ಕೊಡಬೇಡಿ.

ಹೊರಗೆ ಆಡಲಿ ಅಂದಿದ್ದಾರೆ, ಸರಿಯೇ. ದಿನಕ್ಕೆ ಒಂದು ಗಂಟೆ ಮೈ ಬೆವರುವ ಆಟ ಬೇಕೇ ಬೇಕು. ಆದರೆ ಡಿಸೆಂಬರ್ ಶುರುವಾದ ಮೇಲೆ ಕಾಡಂಚಿನ ದರಕಿನ (ಒಣಗಿ ಉದುರಿದ ಎಲೆಯ) ರಾಶಿಯಲ್ಲಿ ಆಡಲು ಬಿಡಬೇಡಿ, ಮಂಗನ ಕಾಯಿಲೆಯ ಉಣುಗು ಇರುವುದು ಅಲ್ಲೇ. ಆಟ ಮುಗಿದ ಮೇಲೆ ಬಿಸಿನೀರು ಸ್ನಾನ ಮಾಡಿಸುವಾಗ ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂಭಾಗ ನೋಡಿ.

ಸೊರಬದ_ಟೀಚರ್

ಒತ್ತಕ್ಷರದ ಬಗ್ಗೆ ಯಾರೂ ಬರೆದಿಲ್ಲ, ಅದನ್ನು ನಾನು ಹೇಳ್ತೀನಿ.

ಮೂರನೇ ಕ್ಲಾಸಲ್ಲಿ ಒತ್ತು ತೊಡರೋದು ಅಪರೂಪವೇನಲ್ಲ, ಗಾಬರಿ ಬೇಡ. ಕಲಿಸೋ ಕ್ರಮ ಮಾತ್ರ ಮುಖ್ಯ. ಹೆಚ್ಚಿನ ಅಕ್ಷರಗಳ ಒತ್ತು ತಲೆಕಟ್ಟು ಕಳಚಿಕೊಂಡು ಚಿಕ್ಕದಾಗಿ ಕೆಳಗೆ ಕೂತ ಅದೇ ಅಕ್ಷರ, ಮಗು ಊಹಿಸಬಲ್ಲುದು. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರದ ಹಾಗಿಲ್ಲ. ಮಕ್ಕಳು ಬಿಟ್ಟು ಓದೋದು ಹೆಚ್ಚಾಗಿ ಇವನ್ನೇ. ಹಳೇ ಲಗ್ನಪತ್ರಿಕೆ ಕತ್ತರಿಸಿ ಆರು ಕಾರ್ಡ್ ಮಾಡಿ. ಮುಂದೆ ಒತ್ತು, ಹಿಂದೆ ಅದರ ಪದ: ಎತ್ತು, ಅನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ. ದಿನಕ್ಕೆ ಎರಡೇ ಕಾರ್ಡ್. ಮೂರನೇ ದಿನ ಆರೂ ಕಲೆಸಿ ಕೇಳಿ.

ಕಣ್ಣಿಗೆ ಗೊತ್ತಾದ ಮೇಲೆ ಕಿವಿಗೆ. ಕತೆ–ಕತ್ತೆ, ಹಳಿ–ಹಳ್ಳಿ, ಬಳಿ–ಬಳ್ಳಿ, ಎಲೆ–ಎಲ್ಲೆ. ನೀವು ಒಂದನ್ನು ಹೇಳಿ, ಒತ್ತು ಇದ್ದರೆ ಅವನು ಚಪ್ಪಾಳೆ ತಟ್ಟಲಿ. ಇದಕ್ಕೆ ಪುಸ್ತಕ ಬೇಡ, ದೀಪ ಬೇಡ, ಕರೆಂಟ್ ಹೋದಾಗ ಮಾಡೋದಕ್ಕೆ ಹೇಳಿ ಮಾಡಿಸಿದ ಆಟ. ಇದಾದ ಮೇಲೆ ಬೇರೆ ಬೇರೆ ಅಕ್ಷರ ಕೂಡಿದವು: ಪುಸ್ತಕ, ರಾತ್ರಿ, ಸಮುದ್ರ. ಅರ್ಕಾವತ್ತು ಕಟ್ಟಕಡೆಗೆ. 'ಸೂರ್ಯ'ದಲ್ಲಿ ಬರೆಯುವಾಗ ಕೊನೆಗೆ ಬರುವ ಗುರುತನ್ನು ಓದುವಾಗ ಮೊದಲು ಹೇಳಬೇಕು, ಆ ಹಿಂದುಮುಂದು ಮಕ್ಕಳಿಗೆ ನಿಜವಾಗಿಯೂ ಕಷ್ಟ.

ರಾತ್ರಿಯ ಹದಿನೈದು ನಿಮಿಷದ ಓದು ಪಠ್ಯಪುಸ್ತಕದ್ದಾಗಬಾರದು. ಐವತ್ತು ಪದದ ಪುಟದಲ್ಲಿ ಐದಕ್ಕಿಂತ ಹೆಚ್ಚು ತಪ್ಪಿದರೆ ಆ ಪುಸ್ತಕ ಅವನಿಗೆ ಸದ್ಯಕ್ಕೆ ಭಾರ, ಸುಲಭದ್ದು ತನ್ನಿ. ಮೊದಲು ನೀವು ಓದಿ, ಅವನು ಸಾಲಿನ ಕೆಳಗೆ ಬೆರಳಿಡಲಿ. ಮಾರನೇ ದಿನ ಅದೇ ಪುಟ ಇಬ್ಬರೂ ಒಟ್ಟಿಗೆ. ಮೂರನೇ ದಿನ ಅವನೊಬ್ಬನೇ. ತೊಡರಿದ ಕಡೆ ನಾಲ್ಕೈದು ಸೆಕೆಂಡ್ ಕಾಯಿರಿ, ಬರದಿದ್ದರೆ ಪದ ಹೇಳಿ ಮುಂದೆ ಹೋಗಿ. ಅಲ್ಲೇ ನಿಲ್ಲಿಸಿ ಕಾಗುಣಿತ ಹೇಳಿಸೋಕೆ ಹೊರಟರೆ ಕತೆ ಸತ್ತುಹೋಗುತ್ತೆ. ಪುಸ್ತಕಕ್ಕೆ ದುಡ್ಡು ಹಾಕಬೇಕಿಲ್ಲ, ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳ ಪುಸ್ತಕ ಇರುತ್ತೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕತೆಗಳು ಉಚಿತ, ಹಂತ ಹಂತವಾಗಿ ವಿಂಗಡಿಸಿದ್ದಾರೆ.

ಅಡಿಕೆ ಸುಲಿಯೋ ಹೊತ್ತನ್ನು ತೊಂದರೆ ಅಂತ ಯಾಕೆ ನೋಡ್ತೀರಿ? ಸುಲಿಯೋರ ಕೈ ಕೆಲಸದಲ್ಲಿ, ಕಿವಿ ಖಾಲಿ. ಮೂರನೇ ದಿನದ ಓದು ಅಲ್ಲೇ ಆಗಲಿ. ಮೆಟ್ಟುಗತ್ತಿಯಿಂದ ದೂರ ಗೋಡೆಗೆ ಒರಗಿ ಕೂತು ಅಜ್ಜಿಗೆ ಓದಿ ಹೇಳಲಿ. ಅಜ್ಜಿ 'ಆಮೇಲೇನಾಯ್ತು?' ಅಂತ ಕೇಳಿದ್ರೆ ಸಾಕು, ತಪ್ಪು ಹುಡುಕೋದು ಬೇಡ.

ವಾಕ್ಯದ ಲೆಕ್ಕದ್ದು ಬಹುಶಃ ಲೆಕ್ಕದ ತೊಂದರೆ ಅಲ್ಲ, ಇಂಗ್ಲಿಷಿನದು. ಪರೀಕ್ಷಿಸೋದು ಸುಲಭ: 'ಒಂದು ಬುಟ್ಟಿಯಲ್ಲಿ 45 ಅಡಿಕೆ, ಇನ್ನೊಂದರಲ್ಲಿ 28. ಮೊದಲನೆಯದರಲ್ಲಿ ಎಷ್ಟು ಜಾಸ್ತಿ?' ಅಂತ ಕನ್ನಡದಲ್ಲಿ ಕೇಳಿ. 17 ಅಂದರೆ ಲೆಕ್ಕ ಬರುತ್ತೆ. ಅದನ್ನೇ ಇಂಗ್ಲಿಷಿನಲ್ಲಿ 'ಹೌ ಮೆನಿ ಮೋರ್' ಅಂತ ಕೊಟ್ಟಾಗ 73 ಬರೆದರೆ, 'ಮೋರ್' ಕಂಡ ಕೂಡಲೇ ಕೂಡಿದ್ದಾನೆ ಅಂತ ಅರ್ಥ. ಲೆಕ್ಕವನ್ನು ಮೊದಲು ಕನ್ನಡದಲ್ಲಿ ಹೇಳಿಸಿ, ಒಂದು ಚಿತ್ರ ಗೀಚಿಸಿ, ಆಮೇಲೆ ಅಂಕಿ ಬರೆಸಿ. ಇಂಥ ಏಳೆಂಟು ಇಂಗ್ಲಿಷ್ ಮಾತುಗಳು ಗೊತ್ತಾದರೆ ಮೂರನೇ ಕ್ಲಾಸಿನ ವಾಕ್ಯದ ಲೆಕ್ಕ ಮುಕ್ಕಾಲು ಪಾಲು ಮುಗಿದ ಹಾಗೆ.

ಹೊಸನಗರದ_ಅಮ್ಮ

ಎಲ್ರಿಗೂ ಧನ್ಯವಾದ. ಕನ್ನಡದಲ್ಲಿ ಕೇಳಿದೆ, ಟಕ್ ಅಂತ 17 ಅಂದ! ಇನ್ನೆರಡು ಕೇಳ್ತೀನಿ. ಹೋಂವರ್ಕ್ ಬರೋದೇ ವಾಟ್ಸಾಪಲ್ಲಿ, ಅದನ್ನು ನೋಡೋಕೆ ಅಂತ ಮೊಬೈಲ್ ಕೊಟ್ರೆ ವಾಪಸ್ ಕೊಡಲ್ಲ. ಮತ್ತೆ, ಎಷ್ಟು ದಿನ ನೋಡಬೇಕು? ಇಷ್ಟೆಲ್ಲ ಮಾಡಿಯೂ ಓದು ಬರದಿದ್ರೆ?

ಕರಿಹಲಗೆ

ವಾಟ್ಸಾಪ್ ನೋಡೋದು ನೀವು, ಅವನಲ್ಲ. ಒಂದು ಚೀಟಿಯಲ್ಲಿ ಬರೆದು ಅವನ ಮುಂದಿಡಿ, ಮೊಬೈಲ್ ಕೋಣೆಯಿಂದಾಚೆ ಹೋಗಲಿ. ಪಾಠ ಬೇಗ ಮುಗಿದ ದಿನ ಊಟದ ಮುಂಚೆ ಸ್ವಲ್ಪ ಹೊತ್ತು ಕೊಡೋದಾದ್ರೆ ಆಟೋಪ್ಲೇ ಆಫ್ ಮಾಡಿ ಕೊಡಿ. 'ಈ ವಿಡಿಯೋ ಮುಗಿದ ಮೇಲೆ ಕೊಡಬೇಕು' ಅಂತ ಮೊದಲೇ ಹೇಳಿ. ನಡುವೆ ಕಸಿದುಕೊಂಡ್ರೆ ಜಗಳ ಗ್ಯಾರಂಟಿ. ಮಲಗೋ ಹಿಂದಿನ ಒಂದು ಗಂಟೆ ಯಾರ ಕೈಯಲ್ಲೂ ಬೇಡ, ಅಪ್ಪನ ಕೈಯಲ್ಲೂ.

ಬ್ಯಾಗ್ ಜೋಡಿಸೋದು ರಾತ್ರಿಯೇ, ಅವನೇ. ಬೆಳಿಗ್ಗೆ ಹುಡುಕಾಟ ತಪ್ಪಿದ್ರೆ ಹೊಟ್ಟೆ ತುಂಬ ತಿಂದು ಹೊರಡೋಕೆ ಸಮಯ ಸಿಗುತ್ತೆ.

ಸೊರಬದ_ಟೀಚರ್

ಎರಡನೆಯ ಪ್ರಶ್ನೆಗೆ: ದಿನಾ ತಪ್ಪದೆ ಮಾಡಿ ಮೂರು ತಿಂಗಳು ನೋಡಿ. ಕಣ್ಣು ಕಿವಿ ಸರಿ ಇದ್ದು, ಮಾತಿನಲ್ಲಿ ಚುರುಕಾಗಿದ್ದು, ಆದರೂ ನೆನ್ನೆ ಓದಿದ ಪದ ಇವತ್ತು ಹೊಸದಾಗಿ ಕಂಡರೆ, ಕನ್ನಡ ಇಂಗ್ಲಿಷ್ ಎರಡರಲ್ಲೂ ಹಾಗೇ ಆದರೆ, ಕಲಿಕಾ ನ್ಯೂನತೆ ಇದೆಯಾ ಅಂತ ತೋರಿಸಬೇಕು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಮೊದಲು ವಿಚಾರಿಸಿ. ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬೇಕಾಗಿ ಬಂದರೂ ಬರಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಇದ್ದರೆ ಮುಂದೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ಸೌಲಭ್ಯ ಕೇಳಬಹುದು. ಹೋಗುವಾಗ ಅವನ ಈ ವರ್ಷದ, ಹೋದ ವರ್ಷದ ನೋಟ್ ಪುಸ್ತಕ ಎರಡೂ, ಮಿಸ್ ಬರೆದ ಡೈರಿಯೂ ಜೊತೆಗಿರಲಿ. ತಪ್ಪು ಯಾವ ಬಗೆಯದು ಅಂತ ಅವರು ಅದರಲ್ಲೇ ನೋಡೋದು, ಆದ್ದರಿಂದ ಮೊದಲೇ ತಿದ್ದಿ ಚೆಂದ ಮಾಡಿಸಬೇಡಿ.