ರಕ್ಷಿತ ಎಕ್ಸೆಲ್ ಹಾಳೆಯಲ್ಲಿ ಟೆಕ್ಸ್ಟ್ ಬಾಕ್ಸ್‌ನೊಳಗೆ ಮಾತ್ರ ಬರೆಯಲು ಬಿಡುವುದು ಹೇಗೆ?

ಪ್ರಶ್ನೆ:
ಮಾನ್ಯರೇ, ನಮ್ಮ ಪ್ರೌಢಶಾಲೆಯ ಪ್ರಗತಿ ಪತ್ರವನ್ನು ಎಕ್ಸೆಲ್‌ನಲ್ಲಿ ಸಿದ್ಧಪಡಿಸಿದ್ದೇನೆ. ಒಬ್ಬ ವಿದ್ಯಾರ್ಥಿಗೆ ಒಂದು ಹಾಳೆ: ಮೇಲೆ ಶಾಲೆಯ ಲಾಂಛನ, ನಡುವೆ ಅಂಕಗಳ ಕೋಷ್ಟಕ, ಕೆಳಗೆ ‘ತರಗತಿ ಶಿಕ್ಷಕರ ಅಭಿಪ್ರಾಯ’ ಎಂಬ ಟೆಕ್ಸ್ಟ್ ಬಾಕ್ಸ್. ಒಟ್ಟು ಅಂಕ ಹಾಗೂ ಶ್ರೇಣಿಯ ಸೂತ್ರಗಳು ಕೈತಪ್ಪಿನಿಂದ ಅಳಿಯಬಾರದೆಂದು ‘ಪ್ರೊಟೆಕ್ಟ್ ಶೀಟ್’ ಹಾಕಿದ ಮೇಲೆ ಆ ಬಾಕ್ಸ್‌ನೊಳಗೆ ಕರ್ಸರ್ ಇಳಿಯುವುದೇ ಇಲ್ಲ. ರಕ್ಷಣೆ ಹಾಕುವಾಗ ಬರುವ ಪಟ್ಟಿಯಲ್ಲಿ ‘ಎಡಿಟ್ ಆಬ್ಜೆಕ್ಟ್ಸ್’ ಎಂಬುದಕ್ಕೆ ಗುರುತು ಹಾಕಿದಾಗ ಬರೆಯಲು ಬಂತು. ಆದರೆ ಸಹೋದ್ಯೋಗಿಯೊಬ್ಬರು ಹಳೆಯ ಬರಹವನ್ನು ಅಳಿಸಲೆಂದು ಬಾಕ್ಸ್‌ನ ಅಂಚಿನ ಮೇಲೆ ಕ್ಲಿಕ್ ಮಾಡಿ ಡಿಲೀಟ್ ಒತ್ತಿದಾಗ ಬಾಕ್ಸೇ ಹಾಳೆಯಿಂದ ಹೋಯಿತು. ಬಾಕ್ಸ್ ಅಲುಗಾಡದೆ, ಅದರೊಳಗಿನ ಬರಹ ಮಾತ್ರ ಬದಲಾಗುವಂತೆ ಮಾಡುವ ದಾರಿ ಇದೆಯೇ?

ಉತ್ತರ 1:
ಖಂಡಿತ ಇದೆ, ಮೇಡಂ. ಟೆಕ್ಸ್ಟ್ ಬಾಕ್ಸ್‌ಗೆ ಎರಡು ಬೀಗಗಳಿವೆ ಎಂಬುದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ‘ಲಾಕ್ಡ್’ ಎಂಬುದು ಬಾಕ್ಸ್‌ನ ಜಾಗ ಮತ್ತು ಅಳತೆಯನ್ನು ಕಾಯುತ್ತದೆ, ‘ಲಾಕ್ ಟೆಕ್ಸ್ಟ್’ ಎಂಬುದು ಒಳಗಿನ ಬರಹವನ್ನು ಕಾಯುತ್ತದೆ. ಹೊಸ ಬಾಕ್ಸ್ ಎಳೆದಾಗ ಎರಡಕ್ಕೂ ಗುರುತು ತಾನಾಗಿಯೇ ಬಿದ್ದಿರುತ್ತದೆ; ನೀವು ತೆಗೆಯಬೇಕಾದದ್ದು ಎರಡನೆಯದನ್ನು ಮಾತ್ರ.

ಮೊದಲು ‘ರಿವ್ಯೂ’ ಪಟ್ಟಿಯಿಂದ ಹಾಳೆಯ ರಕ್ಷಣೆಯನ್ನು ತೆಗೆಯಿರಿ. ಬಾಕ್ಸ್‌ನ ಅಂಚಿನ ಮೇಲೆ ಬಲ ಕ್ಲಿಕ್ ಮಾಡಿ ‘ಫಾರ್ಮ್ಯಾಟ್ ಶೇಪ್’ ತೆರೆಯಿರಿ, ಅಲ್ಲಿ ‘ಸೈಜ್ ಅಂಡ್ ಪ್ರಾಪರ್ಟೀಸ್’ನ ಅಡಿಯಲ್ಲಿರುವ ‘ಪ್ರಾಪರ್ಟೀಸ್’ ಭಾಗವನ್ನು ಬಿಚ್ಚಿದರೆ ಈ ಎರಡೂ ಕಾಣುತ್ತವೆ. ‘ಲಾಕ್ ಟೆಕ್ಸ್ಟ್’ ಗುರುತನ್ನು ತೆಗೆದು, ‘ಲಾಕ್ಡ್’ ಅನ್ನು ಹಾಗೆಯೇ ಬಿಟ್ಟು, ಮತ್ತೆ ರಕ್ಷಣೆ ಹಾಕಿ. ಈ ಸಲ ‘ಎಡಿಟ್ ಆಬ್ಜೆಕ್ಟ್ಸ್’ಗೆ ಗುರುತು ಬೇಡವೇ ಬೇಡ, ಏಕೆಂದರೆ ಅದು ಲಾಂಛನವೂ ಸೇರಿದಂತೆ ಹಾಳೆಯ ಮೇಲಿನ ಎಲ್ಲ ವಸ್ತುಗಳನ್ನೂ ಒಟ್ಟಿಗೆ ತೆರೆದುಬಿಡುತ್ತದೆ.

ಇನ್ನೂ ಯಾರೂ ಏನನ್ನೂ ತುಂಬಿಸಿಲ್ಲವಾದರೆ ಒಂದು ಹಾಳೆಯನ್ನು ಹೀಗೆ ಸರಿಪಡಿಸಿ, ಪರೀಕ್ಷಿಸಿ, ನಂತರ ‘ಮೂವ್ ಆರ್ ಕಾಪಿ’ಯಿಂದ ಉಳಿದ ವಿದ್ಯಾರ್ಥಿಗಳಿಗೆ ಪ್ರತಿ ಮಾಡಿಕೊಳ್ಳಿ. ಬೀಗದ ವ್ಯವಸ್ಥೆಯೂ ಪ್ರತಿಯ ಜೊತೆಗೇ ಬರುತ್ತದೆ.

ಉತ್ತರ 2:
ಮೇಲಿನ ಉತ್ತರ ಸರಿಯಾಗಿದೆ. ಆದರೂ ಇಲ್ಲಿ ಟೆಕ್ಸ್ಟ್ ಬಾಕ್ಸ್ ಬೇಕೇ ಎಂದು ಒಮ್ಮೆ ಯೋಚಿಸಿರೆಂದು ಕೇಳಿಕೊಳ್ಳುತ್ತೇನೆ. ವರ್ಷದ ಕೊನೆಗೆ ಮುಖ್ಯ ಶಿಕ್ಷಕರು ಎಲ್ಲರ ಅಭಿಪ್ರಾಯಗಳನ್ನು ಒಂದೇ ಪಟ್ಟಿಯಲ್ಲಿ ಕೇಳಿದರೆ, ಬಾಕ್ಸ್‌ನೊಳಗಿನ ಬರಹವನ್ನು ಯಾವ ಸೂತ್ರವೂ ಎತ್ತಿ ತರಲಾರದು. ಕೆಲವು ಕೋಶಗಳನ್ನು ‘ಮರ್ಜ್’ ಮಾಡಿ, ‘ವ್ರ್ಯಾಪ್ ಟೆಕ್ಸ್ಟ್’ ಕೊಟ್ಟು, ಕಂಟ್ರೋಲ್ ಮತ್ತು 1 ಒತ್ತಿದಾಗ ಬರುವ ‘ಪ್ರೊಟೆಕ್ಷನ್’ ಪುಟದಲ್ಲಿ ‘ಲಾಕ್ಡ್’ ಗುರುತು ತೆಗೆದರೆ, ರಕ್ಷಿತ ಹಾಳೆಯಲ್ಲಿಯೂ ಅಲ್ಲಿ ನಿರಾತಂಕವಾಗಿ ಬರೆಯಬಹುದು. ಒಂದು ಕೋಶ 32,767 ಅಕ್ಷರಗಳನ್ನು ಹಿಡಿಯುತ್ತದೆ. ಆಲ್ಟ್ ಜೊತೆ ಎಂಟರ್ ಒತ್ತಿದರೆ ಹೊಸ ಸಾಲು ಸಿಗುತ್ತದೆ. ತೊಡಕು ಒಂದೇ: ಮರ್ಜ್ ಆದ ಕೋಶದ ಎತ್ತರ ಬರಹಕ್ಕೆ ತಕ್ಕಂತೆ ತಾನಾಗಿ ಹೆಚ್ಚುವುದಿಲ್ಲ, ಆದ್ದರಿಂದ ನಾಲ್ಕೈದು ಸಾಲಿನ ಜಾಗವನ್ನು ಮೊದಲೇ ಬಿಡಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೊದಲ ಸಲ ಆತುರದಲ್ಲಿ ಎರಡೂ ಗುರುತುಗಳನ್ನು ತೆಗೆದುಬಿಟ್ಟಿದ್ದರಿಂದ ಬಾಕ್ಸ್ ಸರಿದು ಗಣಿತದ ಅಂಕಗಳ ಮೇಲೆ ಕುಳಿತಿತು. ‘ಲಾಕ್ಡ್’ ಗುರುತನ್ನು ಮರಳಿ ಹಾಕಿದ ಮೇಲೆ ಎಲ್ಲವೂ ಸರಿಯಾಯಿತು: ಈಗ ಅಂಚನ್ನು ಎಷ್ಟು ಎಳೆದರೂ ಬಾಕ್ಸ್ ಕದಲುವುದಿಲ್ಲ, ಒಳಗೆ ಕ್ಲಿಕ್ ಮಾಡಿದರೆ ಕರ್ಸರ್ ಮಿನುಗುತ್ತದೆ. ಈ ಅವಧಿಯ ಪತ್ರಗಳನ್ನು ಹೀಗೆಯೇ ಮುಗಿಸಿ, ಮುಂದಿನ ಅವಧಿಗೆ ಕೋಶದ ವಿಧಾನಕ್ಕೆ ಬದಲಾಯಿಸುತ್ತೇನೆ.